ಕಣ್ಣೆದುರಿನ ಬಾಗಿಲು

"ಅಲ್ಲಿ ಬೇಡ ಸಾರ್. ಬೇರೆ ಎಲ್ಲಾದ್ರೂ ನಿಲ್ಸಿ. ಆ ಗೆರೆ ಒಳಗೆ ಮಾತ್ರ ಬೇಡ."

ಮಾತು ಬಂದದ್ದು ಪಕ್ಕದ ಮನೆಯ ಕಿಟಕಿಯಿಂದ. ಆ ಕಿಟಕಿಯ ಹಿಂದೆ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಿದ್ದ ಹೆಂಗಸನ್ನು ಬೀದಿಯವರೆಲ್ಲ ಟೈಲರಕ್ಕ ಅನ್ನುತ್ತಿದ್ದರು. ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವುದು ಅವಳ ರೂಢಿ. ಇವತ್ತು ಮಾತ್ರ ಪಿನ್ನುಗಳನ್ನು ಒಂದೊಂದಾಗಿ ತೆಗೆದು, ಅಂಗೈಯಲ್ಲಿ ಮುಚ್ಚಿಟ್ಟುಕೊಂಡು, ಆಮೇಲೆ ಹೇಳಿದ್ದಳು.

ಕಾರಿನಿಂದ ಇಳಿದವನು ಬೀದಿಗೆ ಹೊಸಬ. ಸೈಟು, ಜಮೀನು, ರಸ್ತೆಗಳನ್ನು ಅಳೆದು ಗಡಿ ಗುರುತು ಮಾಡುವ ಸರ್ವೆಯರ್. ಹೆಂಡತಿ, ಮಗಳ ಜೊತೆ ಬಾಡಿಗೆಗೆ ಬಂದು ವಾರವೂ ಆಗಿರಲಿಲ್ಲ, ಜನ ಆಗಲೇ ಅವನನ್ನು 'ಅಳತೆಯವರು' ಮಾಡಿಬಿಟ್ಟಿದ್ದರು. ಹಿಂದಿನ ಸೀಟಿನಲ್ಲಿದ್ದ ಮೂರುಕಾಲಿನ ಸ್ಟ್ಯಾಂಡು, ದುರ್ಬೀನಿನ ಪೆಟ್ಟಿಗೆ, ಟೇಪುಗಳ ಚೀಲ ಎಲ್ಲವನ್ನೂ ಅವನು ದಿನಾ ಸಂಜೆ ಹೊತ್ತು ಮನೆಯೊಳಗೆ ಇಡಬೇಕಿತ್ತು. ಖಾಲಿ ಜಾಗ ಸಿಗುತ್ತಿದ್ದದ್ದು ಬೀದಿಯ ತಿರುವಿನಾಚೆ. ಅವನ ಮನೆಗೆ ಸರಿಯಾಗಿ ಎದುರಿಗೆ, ಇಕ್ಕಟ್ಟಾದ ರಸ್ತೆಯ ಆ ಬದಿಗೆ, ಹಳದಿ ಗೆರೆಯ ಅಗಲವಾದ ಒಂದು ಚೌಕ ಮಾತ್ರ ಸದಾ ಖಾಲಿ.

"ಯಾಕಕ್ಕ, ಗೆರೆ ಕಚ್ಚುತ್ತಾ?" ಅಂದ ನಗುತ್ತಾ.

"ಅದು ಆಪರೇಟರಮ್ಮನ ಜಾಗ. ಅವರ ಗಾಲಿಕುರ್ಚಿ ಇಳಿಸೋ ವ್ಯಾನು ಅಲ್ಲೇ ನಿಲ್ಲೋದು."

"ಬಂದಾಗ ತೆಗೀತೀನಿ ಬಿಡಿ."

"ಬರೀ ಅದಲ್ಲ." ಟೈಲರಕ್ಕ ಬೀದಿಯ ಎರಡೂ ಕಡೆ ನೋಡಿದಳು. "ಅದನ್ನ ಸುಮ್ನೆ ಎಳೆದಿಲ್ಲ ಸಾರ್. ಮಾಟ ಮಾಡಿ ಎಳೆದಿರೋದು."

"ಟಾರಿಗೆ ಮಾಟ!" ಅವನಿಗೆ ನಿಜವಾಗಿಯೂ ಖುಷಿಯಾಯಿತು. "ಅಕ್ಕ, ನಾನು ದಿನಾ ಗೆರೆ ಎಳೆದೇ ಸಂಬಳ ತಗೊಳೋದು. ನನ್ನ ಗೆರೆಗೆ ನನ್ನ ಹೆಂಡ್ತೀನೂ ಹೆದರಲ್ಲ."

ಟೈಲರಕ್ಕ ನಗಲಿಲ್ಲ. ಪಿನ್ನುಗಳನ್ನು ಮತ್ತೆ ತುಟಿಗಿಟ್ಟುಕೊಂಡು ಕಿಟಕಿ ಎಳೆದುಕೊಂಡಳು.

ಅವನು ಬಗ್ಗಿ ಪೆಟ್ಟಿಗೆ ಎತ್ತುವಾಗ ಮೂಗಿಗೆ ವಾಸನೆ ಬಡಿಯಿತು. ಹಸಿ ಬಣ್ಣದ ವಾಸನೆ. ಗೆರೆ ನೋಡಿದರೆ ವರ್ಷಗಳ ಹಿಂದಿನದು, ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಆದರೂ ಇದೀಗ ಡಬ್ಬಿ ತೆರೆದಂತೆ ಘಾಟು. ಅದರಡಿಯಲ್ಲಿ ಕಾದ ಟಾರಿನ ವಾಸನೆ, ಅದರಡಿಯಲ್ಲಿ ಇನ್ನೊಂದು, ಕೂದಲು ಸುಟ್ಟಾಗ ಬರುವಂಥದ್ದು. ರಸ್ತೆ ದಾಟಿ ಮನೆಯ ಮೂರು ಮೆಟ್ಟಿಲು ಹತ್ತಿ ಚಪ್ಪಲಿ ಬಿಟ್ಟಾಗ ನೋಡಿದ. ಅಟ್ಟೆಗೆ ಹಳದಿ ಮೆತ್ತಿಕೊಂಡಿತ್ತು.

ಆ ಜಾಗದ ಒಡತಿ ಬಂದದ್ದು ಅದೇ ಸಂಜೆ, ಬೆಳಕು ಆರುವ ಮುಂಚೆ. ಎದುರು ಮನೆಯ ಆಪರೇಟರಮ್ಮ ಆಸ್ಪತ್ರೆಯಲ್ಲಿ ಫೋನು ಎತ್ತುವ ಕೆಲಸದವಳು. ಚೌಕ ಖಾಲಿ ಇಲ್ಲದ್ದರಿಂದ ಅವಳ ತಮ್ಮ ವ್ಯಾನನ್ನು ದೊಡ್ಡ ರಸ್ತೆಯಲ್ಲೇ ನಿಲ್ಲಿಸಿ ಕುರ್ಚಿ ಇಳಿಸಿದ್ದ. ಅಲ್ಲಿಂದ ಅವಳು ಗುಂಡಿ ತಪ್ಪಿಸಿ, ಅಲ್ಲಾಡುವ ಚರಂಡಿ ಚಪ್ಪಡಿಯ ಮೇಲೆ ಉಸಿರು ಬಿಗಿಹಿಡಿದು, ತನ್ನ ಕೈಯಾರೆ ಗಾಲಿ ತಳ್ಳಿಕೊಂಡು ಬೀದಿಯುದ್ದಕ್ಕೂ ಬಂದಿದ್ದಳು. ಅವನ ಮನೆಯ ಮುಂದೆ ನಿಂತಾಗ ಅಂಗೈ ಕಪ್ಪಾಗಿತ್ತು. ಮೆಟ್ಟಿಲ ಮೇಲೆ ಅವನು, ಕೆಳಗೆ ಅವಳು.

"ಕಾರು ತೆಗೀರಿ ಅನ್ನೋಕೆ ಬಂದೆ." ಕೆಟ್ಟ ಸುದ್ದಿಯನ್ನೂ ನಿಧಾನವಾಗಿ ದಾಟಿಸಿ ಅಭ್ಯಾಸವಾದ ದನಿ ಅದು. "ಅದು ನನ್ನ ಜಾಗ. ಅದಕ್ಕೆ ಕೇಳೋ ಹಕ್ಕಿದೆ ನಂಗೆ. ಆದ್ರೆ ಈಗ ಕೇಳ್ತಿರೋದು ನನಗೋಸ್ಕರ ಅಲ್ಲ, ನಿಮಗೋಸ್ಕರ."

"ಐದೇ ನಿಮಿಷ ಮೇಡಂ. ಸಾಮಾನು ಒಳಗಿಟ್ಟು ತೆಗೆದುಬಿಡ್ತೀನಿ."

"ಎಲ್ಲರೂ ಐದು ನಿಮಿಷಾನೇ ಅಂತಾರೆ."

"ಅಲ್ಲ, ಆ ಗೆರೆ ಸರ್ಕಾರದ್ದು ಅಲ್ವಲ್ಲ? ಅಗಲ ನೋಡಿದ್ರೇ ಗೊತ್ತಾಗತ್ತೆ. ಯಾರೋ ಕೈಯಲ್ಲಿ ಎಳೆದಿದಾರೆ."

"ನಮ್ಮಮ್ಮ ಎಳೆದದ್ದು." ಅವಳು ಅವನ ಭುಜದಾಚೆ ನೋಡಿದಳು. ಬಾಗಿಲ ಸಂದಿಯಲ್ಲಿ ಅವನ ಮಗಳು, ಹಲ್ಲು ಬಿದ್ದ ಬಾಯಿ ಬಿಟ್ಟುಕೊಂಡು, ಗಾಲಿಕುರ್ಚಿಯನ್ನೇ ದಿಟ್ಟಿಸುತ್ತಿದ್ದಳು. ಸಣಕಲು ಮೈ, ದೊಡ್ಡ ಕಣ್ಣು. ಮನೆಯಲ್ಲಿ ಅವಳಿಗೆ ಗುಬ್ಬಿ ಅಂತಲೇ ಹೆಸರು. "ಅಮ್ಮ ಈಗಿಲ್ಲ. ಅಳಿಸೋಕೆ ನಂಗೂ ಬರಲ್ಲ. ಮಗು ಇರೋ ಮನೆ ಸಾರ್. ದಯವಿಟ್ಟು."

ಅವನು ಕಾರು ತೆಗೆದ. ಮರುದಿನ ಸಂಜೆ ಮತ್ತೆ ಅಲ್ಲೇ ನಿಲ್ಲಿಸಿದ. ವ್ಯಾನಿನ ಹೊತ್ತಿಗೆ ತೆಗೆದರಾಯಿತು ಅಂದುಕೊಂಡ. ಸ್ನಾನ ಮಾಡಿದ, ಟೀ ಕುಡಿದ, ಮರೆತ. ಹಾಗೇ ರೂಢಿಯಾಯಿತು. ಕೆಲವು ಸಂಜೆ ಚರಂಡಿ ಚಪ್ಪಡಿ ಖಣ್ ಎಂದು ಅಲ್ಲಾಡುವ ಸದ್ದು ಒಳಗಿನವರೆಗೂ ಕೇಳುತ್ತಿತ್ತು. ಅವನು ಟೀವಿಯ ದನಿ ಜಾಸ್ತಿ ಮಾಡುತ್ತಿದ್ದ.

ಮೊದಲು ಗಮನಿಸಿದವಳು ಹೆಂಡತಿ. ಚಪ್ಪಲಿ ಅಂಗಡಿಯಲ್ಲಿ ನಿಂತು ನಿಂತು ಕಾಲು ಸೋತು ಬರುತ್ತಿದ್ದ ಅವಳಿಗೆ ಟೀ ಇಬ್ಬರೂ ಒಟ್ಟಿಗೆ ಕುಡಿಯಬೇಕೆಂಬ ಹಟ.

"ಕಾರಿನ ಸದ್ದು ಕೇಳಿ ಟೀ ಸೋಸ್ತೀನಿ. ನೀವು ಬರೋಷ್ಟರಲ್ಲಿ ಕೆನೆ ಕಟ್ಟಿರತ್ತೆ. ಹೊರಗೆ ನಿಂತು ಯಾರ ಜೊತೆ ಹರಟೆ?"

"ಯಾರ ಜೊತೆಯೂ ಇಲ್ಲ. ನೆಟ್ಟಗೆ ಬಂದೆ."

ನೆಟ್ಟಗೇ ಬಂದಿದ್ದ. ಆದರೆ ಪೆಟ್ಟಿಗೆ ಹೊತ್ತ ಭುಜ ನೋಯುತ್ತಿತ್ತು. ಅಂಗಿಯ ಬೆನ್ನು ಒದ್ದೆಯಾಗಿತ್ತು. ರಸ್ತೆ ದಾಟುವಷ್ಟರಲ್ಲಿ ಬೆವರೇ? ಮರುದಿನ ಅವನು ಬೇಕೆಂದೇ ಮನಸ್ಸಿಟ್ಟು ನಡೆದ. ಎದುರಿಗೆ ತನ್ನ ಮನೆಯ ಹಸಿರು ಗೇಟು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಗೇಟಿನ ಚಿಲಕದ ತುಕ್ಕು ಕೂಡ ಕಾಣುತ್ತಿತ್ತು. ಇನ್ನೂ ಒಂದು ಹೆಜ್ಜೆ. ಕೈ ಚಾಚಿದ. ಕೈಗೆ ಗಾಳಿ ಸಿಕ್ಕಿತು.

ಕಣ್ಣು ಮೋಸ ಮಾಡುತ್ತದೆ, ಸಲಕರಣೆ ಮಾಡುವುದಿಲ್ಲ. ಅವನು ಬದುಕಿದ್ದೇ ಆ ನಂಬಿಕೆಯ ಮೇಲೆ. ಕಾರಿನ ಪಕ್ಕ ನಿಂತು ಲೇಸರ್ ಅಳತೆಗೋಲನ್ನು ಗೇಟಿಗೆ ಹಿಡಿದ. ಕೆಂಪು ಚುಕ್ಕೆ ಗೇಟಿನ ಮೇಲೆ ಕೂತಿತು. ಪರದೆಯಲ್ಲಿ ಬಂದದ್ದು ಎಂದಿನ ಸಣ್ಣ ಸಂಖ್ಯೆಯೇ. ಅವನು ಹಗುರಾಗಿ ನಕ್ಕ. ಆಮೇಲೆ, ಪೂರ್ತಿ ಸಮಾಧಾನಕ್ಕೆ, ಉಕ್ಕಿನ ಟೇಪಿನ ಕೊಕ್ಕೆಯನ್ನು ಬಂಪರಿಗೆ ಸಿಕ್ಕಿಸಿ ಗೇಟಿನತ್ತ ಎಳೆದುಕೊಂಡು ನಡೆದ. ಟೇಪು ಸರಸರ ಬಿಚ್ಚಿಕೊಂಡಿತು. ಬಿಚ್ಚಿಕೊಳ್ಳುತ್ತಲೇ ಇತ್ತು. ಕೊನೆಗೆ ಡಬ್ಬಿಯೊಳಗೆ ಟಕ್ ಎಂದು ಸದ್ದಾಗಿ ಕೈ ಜಗ್ಗಿತು. ಇಡೀ ಟೇಪು ಮುಗಿದಿತ್ತು.

ಗೇಟು ಇನ್ನೂ ಆಚೆಗಿತ್ತು.

ತಲೆಯೆತ್ತಿದರೆ ಟೈಲರಕ್ಕನ ಕಿಟಕಿ ತೆರೆದಿತ್ತು. ಅವಳ ಮುಖ ಬಿಳಿಚಿಕೊಂಡಿತ್ತು.

"ಏನ್ ನೋಡ್ತಿದೀರಿ?" ಅವನು ರೇಗಿದ.

"ನೀವು ನಡೀತಾನೇ ಇದ್ರಿ ಸಾರ್," ಅವಳು ಪಿಸುಗುಟ್ಟಿದಳು. "ಕಾಲು ಎತ್ತಿ ಎತ್ತಿ ಹಾಕ್ತಿದ್ರಿ. ಆದ್ರೆ ಕಾರಿನ ಪಕ್ಕಾನೇ ಇದ್ರಿ."

ಅವನು ಕಾರನ್ನು ತಿರುವಿನಾಚೆ ಒಯ್ದು ನಿಲ್ಲಿಸಿದ. ಅಲ್ಲಿಂದ ನಡೆದು ಬಂದರೆ ಗೇಟು ಗೇಟಿನ ಜಾಗದಲ್ಲೇ ಸಿಕ್ಕಿತು. ಮನೆಗೆ ಹೋಗದೆ ಅವನು ಟೈಲರಕ್ಕನ ಕಿಟಕಿಯ ಹತ್ತಿರ ಬಂದ.

"ಏನದು? ಹೇಳಿ."

ಅವಳು ಯಂತ್ರದ ಗಾಲಿಯನ್ನು ಕೈಯಿಂದ ತಡೆದು ನಿಲ್ಲಿಸಿದಳು.

"ಆಪರೇಟರಮ್ಮನ ತಾಯಿ ರಸ್ತೆಗೆ ಗೆರೆ ಹಾಕೋ ಕೆಲಸಕ್ಕೆ ಹೋಗ್ತಿದ್ರು. ಕಂಟ್ರಾಕ್ಟರ್ ಹತ್ರ. ಆಗ ವ್ಯಾನೂ ಇಲ್ಲ, ಒಳ್ಳೆ ಕುರ್ಚೀನೂ ಇಲ್ಲ. ಮಗಳನ್ನ ಬಾಡಿಗೆ ಆಟೋದಲ್ಲಿ ಮನೆ ಬಾಗಿಲಿಗೇ ಕರ್ಕೊಂಡು ಬರೋರು. ಒಂದಿನ ಜೋರು ಗಾಳಿಮಳೆ. ಮನೆ ಮುಂದೆ ಯಾರದೋ ನೆಂಟರ ಕಾರು. ಆಟೋದೋನು ದೊಡ್ಡ ರಸ್ತೇಲೇ ಇಳಿಸಿ ಹೋದ. ಅಮ್ಮ ಮಗಳನ್ನ ಬೆನ್ನ ಮೇಲೆ ಹೊತ್ಕೊಂಡು ಬಂದ್ರು. ಕಾರು ಸುತ್ತಿ ಬರೋವಾಗ ಕಾಲು ಜಾರ್ತು. ಸೊಂಟ ಹೋಯ್ತು. ಇಬ್ರೂ ನೀರಲ್ಲಿ ಬಿದ್ದಿದ್ರು. ಮಳೆ ಸದ್ದಿಗೆ ಕೂಗಿದ್ದು ಯಾರಿಗೂ ಕೇಳ್ಲಿಲ್ಲ. ಬಾಗಿಲು ಅಲ್ಲೇ ಇತ್ತು ಸಾರ್. ಕೈ ಚಾಚಿದ್ರೆ ಸಿಗೋ ಹಾಗೆ."

"ಆಮೇಲೆ?"

"ಆಸ್ಪತ್ರೆಯಿಂದ ಬಂದ ಮೇಲೆ ಅವರು ಆಡ್ತಿದ್ದದ್ದು ಒಂದೇ ಮಾತು. 'ಬಾಗಿಲು ಕಣ್ಣೆದುರಿಗೇ ಇತ್ತು.' ಊಟ ಕೊಟ್ರೂ ಅದೇ, ಮಾತಾಡ್ಸಿದ್ರೂ ಅದೇ. ಅವರ ತಾಯಿ ಕಡೆಯೋರು ಮಾಟ ತೆಗೀತಿದ್ರಂತೆ. ತೆಗೆಯೋದು ಗೊತ್ತಿದ್ದೋರಿಗೆ ಹಾಕೋದು ಗೊತ್ತಿರಲ್ವಾ? ಒಂದು ಮಧ್ಯಾಹ್ನ ತೆವಳ್ಕೊಂಡು ಹೊರಗೆ ಬಂದ್ರು, ಹಳದಿ ಬಣ್ಣದ ಡಬ್ಬಿ ಎಳ್ಕೊಂಡು. ತಲೆಕೂದಲು ಕತ್ತರಿಸಿ ಸುಟ್ಟು ಆ ಬೂದಿ ಹಾಕಿದ್ರು. ಕಾರಿನೋನು ಇಳಿದ ಜಾಗದ ಕಾಲಧೂಳಿ ಕೆರೆದು ಹಾಕಿದ್ರು. ಕೈಯಲ್ಲೇ ಬಳಿದ್ರು. ಬಾಯಲ್ಲಿ ಏನೋ ಹೇಳ್ಕೊಳ್ತಿದ್ರು. ಮಂತ್ರಾನೋ ಅಳೂನೋ, ಇವತ್ತಿಗೂ ಗೊತ್ತಿಲ್ಲ."

"ಆ ಕಾರಿನೋನು ಏನಾದ?"

"ಅವನ ಮನೆ ಈಗ್ಲೂ ಇದೆ ಸಾರ್. ಹೆಂಡ್ತಿ ಮಕ್ಕಳು ಅಲ್ಲೇ ಇದಾರೆ." ಅವಳು ಯಂತ್ರದ ಗಾಲಿಯಿಂದ ಕೈ ತೆಗೆದಳು. "ಅವನಿಗೆ ಮಾತ್ರ ಆ ಮನೆ ಸಿಗಲ್ಲವಂತೆ."

ಅವನು ಹೆದರಿದ್ದ. ಹೆದರಿದ್ದೇನೆಂದು ಒಪ್ಪಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬೇರೆ ಕಡೆ ಕಾರು ನಿಲ್ಲಿಸಿಕೊಂಡು, ಸಂಜೆ ನಾಲ್ಕು ಹೆಜ್ಜೆ ಜಾಸ್ತಿ ನಡೆದುಕೊಂಡು, ಎಲ್ಲರಂತೆ ಇರಬಹುದಿತ್ತು. ಹೆಂಡತಿಯೂ ಅದನ್ನೇ ಹೇಳಿದಳು.

"ಪಾಪ, ಅವರ ಜಾಗ ಅವರಿಗೆ ಬಿಡಿ. ಇದರಲ್ಲಿ ಜಂಭ ಯಾಕೆ?"

"ಗೆರೆಗೆ ಹೆದರಿ ಓಡಿದ ಸರ್ವೆಯರ್ ಅಂತಾರೆ. ಅದಿರೋವರೆಗೆ ತಾನೆ ಈ ಕತೆ? ಅದನ್ನೇ ತೆಗೆದುಬಿಟ್ರೆ?"

ಭಾನುವಾರ ಆಪರೇಟರಮ್ಮನಿಗೆ ಕೆಲಸವಿತ್ತು. ವ್ಯಾನು ಹೊರಟುಹೋದ ಮೇಲೆ ಅವನು ಕಬ್ಬಿಣದ ಕೆರೆಯುಳಿ ತಗೊಂಡು ಚೌಕದ ಮೂಲೆಯಲ್ಲಿ ಕೂತ. ಸುಡುಬಿಸಿಲು. ಬೀದಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಉಳಿ ತಾಗಿದ ಕೂಡಲೇ ಬಣ್ಣ ಸಿಪ್ಪೆಯಂತೆ ಎದ್ದಿತು. ಅದರಡಿ ಟಾರು ಕಾಣಬೇಕಿತ್ತು. ಕಂಡದ್ದು ಮತ್ತೆ ಹಳದಿ. ಅದನ್ನೂ ಕೆರೆದ. ಅದರಡಿ ಇನ್ನೂ ಹಳದಿ, ಇನ್ನೂ ಹಸಿ. ಉಳಿಯ ಬಾಯಿಗೆ ಎಳೆಯೊಂದು ಸಿಕ್ಕಿಕೊಂಡಿತು. ಎಳೆದರೆ ಬರುತ್ತಲೇ ಇತ್ತು. ಉದ್ದನೆಯ, ನರೆತ ಕೂದಲು. ಅವನು ಅದನ್ನು ಕೊಡವಿ ಎಸೆದು, ಹಲ್ಲು ಕಚ್ಚಿ, ಇನ್ನೂ ಜೋರಾಗಿ ಕೆರೆದ. ಹಳದಿ ಪುಡಿ ಹೊಗೆಯಂತೆ ಎದ್ದು ಗಾಳಿಗೆ ಅಡ್ಡಡ್ಡ ಹರಡಿತು.

"ಅಪ್ಪಾ, ಬಂಗಾರದ ಹೊಗೆ!"

ಗುಬ್ಬಿ ಗೇಟು ತೆರೆದುಕೊಂಡು ರಸ್ತೆಗೆ ಬಂದಿದ್ದಳು. ಬಾಯಿ ಬಿಟ್ಟು ನಗುತ್ತಾ ಆ ಪುಡಿಯ ನಡುವೆಯೇ ಓಡಿ ಬಂದಳು. ಅವನು ಉಳಿ ಬಿಸಾಕಿ ಅವಳನ್ನು ಎತ್ತಿಕೊಂಡ. ಅವಳಿಗೆ ಹುಟ್ಟಿದಾಗಿನಿಂದ ಉಬ್ಬಸ. ಧೂಳು ಆಗದು. ಅವಳು ಎರಡು ಸಲ ಕೆಮ್ಮಿ, ಅವನ ಕುತ್ತಿಗೆಗೆ ಜೋತುಬಿದ್ದು, ಕೆನ್ನೆಗೆ ಕೆನ್ನೆ ಉಜ್ಜಿದಳು. ಒಳಗೆ ಕರೆದೊಯ್ದು ಕೆಳಗಿಳಿಸಿದಾಗ ಅವಳ ಬಿಳಿ ಫ್ರಾಕಿನ ಬೆನ್ನಿಗೆ ಅವನ ಅಂಗೈಯ ಹಳದಿ ಗುರುತು ಬಿದ್ದಿತ್ತು. ಹೆಂಡತಿ ಎಷ್ಟು ಉಜ್ಜಿದರೂ ಅದು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಚೌಕ ಎಂದಿನಂತೆ ಪೂರ್ತಿ ಇತ್ತು. ಕೆರೆದ ಗುರುತೇ ಇಲ್ಲ. ಬಿರುಕೂ ಇಲ್ಲ. ಬಿಸಿಲಲ್ಲಿ ಅದು ಒದ್ದೆಯಾಗಿ ಹೊಳೆಯುತ್ತಿತ್ತು.

ಅಲ್ಲಿಂದ ಮುಂದೆ ಅವನು ತಿರುವಿನಾಚೆಯೇ ಕಾರು ನಿಲ್ಲಿಸಿದ. ಆ ವಿಷಯ ಮಾತಾಡುವುದನ್ನೂ ಬಿಟ್ಟ. ಮನೆ ಬಾಗಿಲು ಎಂದಿನ ಜಾಗದಲ್ಲಿತ್ತು. ಟೀ ಬಿಸಿಯಾಗಿತ್ತು. ಮುಗಿಯಿತು ಅಂದುಕೊಂಡ. ಗುಬ್ಬಿಯ ಕೆಮ್ಮು ಮಾತ್ರ ನಿಲ್ಲಲಿಲ್ಲ.

ಹೀಗಿರುವಾಗ ಒಂದು ದಿನ ಸಂಜೆ ಬಿರುಗಾಳಿ ಎದ್ದು ಆಕಾಶ ಮಣ್ಣಿನ ಬಣ್ಣಕ್ಕೆ ತಿರುಗಿತು. ಕರೆಂಟು ಹೋಯಿತು. ಇನ್ನೂ ದೀಪ ಹಚ್ಚುವ ಹೊತ್ತಾಗಿರಲಿಲ್ಲ, ಆದರೂ ಬೀದಿ ಬಾವಿಯ ಒಳಗಿನಂತೆ ಕಪ್ಪಗಾಗಿತ್ತು. ಅವನು ದೊಡ್ಡ ರಸ್ತೆಯಲ್ಲಿರುವಾಗಲೇ ಫೋನು ಬಡಿಯಿತು.

"ರೀ, ಇನ್ಹೇಲರ್ ಖಾಲಿಯಾಗಿದೆ. ಹೊಸದು ತಗೊಂಡ್ರಾ?" ಹೆಂಡತಿಯ ದನಿ ನಡುಗುತ್ತಿತ್ತು. "ಗುಬ್ಬಿ ತುಟಿ ನೀಲಿ ಆಗ್ತಿದೆ. ಬೇಗ ಬನ್ನಿ."

"ಜೇಬಲ್ಲೇ ಇದೆ. ಬಂದೆ. ಬಂದೇಬಿಟ್ಟೆ."

ಬೀದಿಗೆ ತಿರುಗಿದ. ಧೂಳಿನಲ್ಲಿ ಹೆಡ್‌ಲೈಟಿನ ಬೆಳಕು ಮುದ್ದೆಗಟ್ಟಿತ್ತು. ತಿರುವಿನಾಚೆ ಹೋಗಬೇಕೆಂದರೆ ಮನೆ ದಾಟಿ ಮುಂದೆ ಹೋಗಿ ಹಿಂದಕ್ಕೆ ನಡೆದು ಬರಬೇಕು. ಮನೆ ಎದುರಿಗೇ ಚೌಕ. ಖಾಲಿ ಚೌಕ. ಮಗಳು ಉಸಿರಿಗೆ ಒದ್ದಾಡುವಾಗ ಗೆರೆ ನೋಡುವುದೇ? ಅವನು ಬ್ರೇಕು ಒತ್ತಿ, ಬಾಗಿಲನ್ನೂ ಹಾಕದೆ ಜಿಗಿದ.

ಓಡಿದ.

ಗೇಟು ಎದುರಿಗೇ ಇತ್ತು. ತೆರೆದಿತ್ತು. ಅದರಾಚೆ ಮೂರು ಮೆಟ್ಟಿಲು. ಮೇಲೆ ಬಾಗಿಲು, ಒಳಗೆ ಮೇಣದಬತ್ತಿಯ ಬೆಳಕು. ಅವನು ಇನ್ನೂ ಜೋರಾಗಿ ಓಡಿದ. ಗಾಳಿ ಮುಖಕ್ಕೆ ಮಣ್ಣು ಎರಚಿತು. ಕೂದಲು ಸುಟ್ಟ ವಾಸನೆ. ಹಸಿ ಬಣ್ಣದ ಘಾಟು. ಎದೆ ಉರಿಯಿತು. ಗೇಟು ಅಲ್ಲೇ ಇತ್ತು. ಅಷ್ಟೇ ದೂರದಲ್ಲಿ.

ಹಿಂದಿರುಗಿ ನೋಡಿದ. ಕಾರು ಬೆನ್ನಿಗೆ ತಾಗುವಷ್ಟು ಹತ್ತಿರ.

ಮತ್ತೆ ಓಡಿದ. ಈಗ ಗೇಟು ಚಿಕ್ಕದಾಯಿತು. ಮೆಟ್ಟಿಲು ಚಿಕ್ಕದಾದವು. ಎರಡೂ ಬದಿಯ ಗೋಡೆಗಳು ಉದ್ದಕ್ಕೆ, ಉದ್ದಕ್ಕೆ ಹಿಗ್ಗಿದವು. ಬಾಗಿಲ ಬೆಳಕು ಬೆಂಕಿಕಡ್ಡಿಯ ತುದಿಯಷ್ಟಾಯಿತು. ಫೋನು ಕಿವಿಗೆ ಹಿಡಿದ.

"ಎಲ್ಲಿದೀರಿ?" ಹೆಂಡತಿ ಕಿರುಚಿದಳು.

"ಗೇಟ್ ಮುಂದೆ! ಹೊರಗೆ ಬಾ, ಇಸ್ಕೊ!"

ದಡದಡ ಹೆಜ್ಜೆಯ ಸದ್ದು. ಬೆಂಕಿಕಡ್ಡಿಯ ತುದಿಯಂಥ ಬೆಳಕಿನಲ್ಲಿ ಇರುವೆಯಷ್ಟು ಕಪ್ಪನೆಯದೇನೋ ಅಲ್ಲಾಡಿತು.

"ಗೇಟ್ ಮುಂದೆ ಯಾರೂ ಇಲ್ಲ ರೀ! ಬೀದೀಲಿ ಯಾರೂ ಇಲ್ಲ!"

ಅವಳ ದನಿಯ ಹಿಂದೆ ಇನ್ನೊಂದು ಸದ್ದು ಕೇಳುತ್ತಿತ್ತು. ತೂತು ಬಿದ್ದ ಕೊಳಲನ್ನು ಊದಿದಂತೆ. ಎಳೆದು, ನಿಂತು, ಎಳೆದು. ಅವನ ಮಗಳ ಉಸಿರು. ಪಕ್ಕದಲ್ಲೇ ಮಲಗಿದ್ದಾಳೆ ಅನ್ನುವಷ್ಟು ಸ್ಪಷ್ಟ.

ಕಾರು. ಕಾರು ತೆಗೆಯಬೇಕು. ಒಂದೇ ಹೆಜ್ಜೆಗೆ ಕಾರು ಸಿಕ್ಕಿತು. ಒಳಗೆ ಬಿದ್ದು ಕೀಲಿ ತಿರುಗಿಸಿದ. ಎಂಜಿನ್ ಹೊತ್ತಿತು. ಗೇರು ಹಾಕಿ ಒತ್ತಿದ. ಚಕ್ರ ತಿರುಗಿತು. ಹಳದಿ ಗೆರೆ ಬಾನೆಟ್ಟಿನ ಮುಂದೆಯೇ ಉಳಿಯಿತು. ಇನ್ನೂ ಒತ್ತಿದ. ಟೈರಿನ ರಬ್ಬರು ಸುಟ್ಟಿತು. ಗೆರೆ ಕಾರಿನ ಜೊತೆಗೇ ಬರುತ್ತಿತ್ತೋ, ಕಾರು ನಿಂತಲ್ಲೇ ಇತ್ತೋ. ಅವನು ಹೊರಬಿದ್ದು ಮಂಡಿಯೂರಿ ಗೆರೆಗೆ ಹಣೆ ಬಡಿದುಕೊಂಡ.

"ತಪ್ಪಾಯ್ತು! ತಾಯಿ, ತಪ್ಪಾಯ್ತು! ಮಗು ಸಾಯ್ತಿದೆ!"

ಗೆರೆ ಬೆಚ್ಚಗಿತ್ತು. ಮೈಯಂತೆ ಮೆತ್ತಗಿತ್ತು. ಫೋನಿನಲ್ಲಿ ಉಸಿರಿನ ಸದ್ದು ಸಣ್ಣದಾಗುತ್ತಿತ್ತು.

ಖಣ್.

ಚರಂಡಿ ಚಪ್ಪಡಿ. ಆಮೇಲೆ ಗಾಲಿಯ ಕಿರ್ರ್ ಕಿರ್ರ್ ಸದ್ದು. ಧೂಳಿನೊಳಗಿಂದ ಸಣ್ಣ ಟಾರ್ಚಿನ ಬೆಳಕೊಂದು ತೂರಾಡುತ್ತಾ ಬಂತು. ಚೌಕ ಖಾಲಿ ಇಲ್ಲದ್ದರಿಂದ ಆಪರೇಟರಮ್ಮ ಇವತ್ತೂ ದೊಡ್ಡ ರಸ್ತೆಯಲ್ಲೇ ಇಳಿದಿದ್ದಳು. ಸೆರಗು ಮೂಗಿಗೆ ಕಟ್ಟಿಕೊಂಡಿದ್ದಳು. ಅವನನ್ನು, ಅವನ ಕೈಯಲ್ಲಿದ್ದ ಇನ್ಹೇಲರನ್ನು, ಮನೆಯನ್ನು ನೋಡಿದಳು. ಕೈ ಚಾಚಿದಳು.

"ಕೊಡಿ."

"ಹೋಗೋಕಾಗಲ್ಲ! ಅಲ್ಲಿಗೆ ಹೋಗೋಕೇ ಆಗಲ್ಲ—"

"ನಿಮಗಾಗಲ್ಲ. ನನಗಾಗತ್ತೆ. ಕೊಡಿ."

ಇಸಿದುಕೊಂಡು ಮಡಿಲಿಗೆ ಹಾಕಿಕೊಂಡಳು. ಎರಡೂ ಕೈಯಿಂದ ಗಾಲಿ ತಳ್ಳಿದಳು. ಅವನು ಬಾಯಿ ಕಳೆದು ನೋಡಿದ. ಅವಳಿಗೆ ಬೀದಿ ಬೀದಿಯಷ್ಟೇ ಇತ್ತು. ದುರ್ಬೀನನ್ನು ತಿರುಗಾಮುರುಗಾ ಹಿಡಿದು ನೋಡಿದಾಗ ಕಾಣುವಂತೆ, ಅಷ್ಟು ದೂರದಲ್ಲಿ, ಅಷ್ಟು ಸಣ್ಣಗೆ, ಅವಳ ಕುರ್ಚಿ ಆಗಲೇ ಅವನ ಗೇಟಿನೊಳಗಿತ್ತು.

ಮೆಟ್ಟಿಲ ಬುಡದಲ್ಲಿ ಅವಳು ನಿಲ್ಲಲೇಬೇಕಾಯಿತು. ಮೂರು ಮೆಟ್ಟಿಲು. ಫೋನಿನಲ್ಲಿ ಅವಳ ದನಿ ಕೇಳಿತು, ಒಂಚೂರೂ ಅಲುಗದ ದನಿ.

"ಅಮ್ಮಾ, ಮಗೂನ ಎತ್ಕೊಂಡು ಕೆಳಗೆ ಬನ್ನಿ. ನಾನು ಹತ್ತೋಕಾಗಲ್ಲ. ಮಲಗಿಸ್ಬೇಡಿ, ಕೂರಿಸಿ. ಹಾ, ನನ್ನ ಮಡಿಲಲ್ಲೇ ಕೂರಿಸಿ. ಪುಟ್ಟಾ, ಬಾಯಿ ತೆಗಿ. ಎಳ್ಕೊ. ಹಿಡ್ಕೊ. ಇನ್ನೊಂದ್ಸಲ."

ಸದ್ದಿಲ್ಲ.

ಏನೂ ಸದ್ದಿಲ್ಲ.

ಆಮೇಲೆ ದೀರ್ಘವಾದ, ಒಡಕು ಉಸಿರೊಂದು ಒಳಗೆ ಹೋದದ್ದು ಕೇಳಿತು. ಹೊರಗೆ ಬಂದದ್ದು ಕೇಳಿತು. ಮತ್ತೊಂದು. ಹೆಂಡತಿಯ ಅಳು ಒಡೆಯಿತು. ಅವನು ರಸ್ತೆಯಲ್ಲಿ ಬೋರಲಾಗಿ ಬಿದ್ದು ಮಣ್ಣು ತಿಂದುಕೊಂಡು ಅತ್ತ.

ಆಪರೇಟರಮ್ಮ ವಾಪಸು ಬರುವಷ್ಟರಲ್ಲಿ ಗಾಳಿ ಇಳಿದಿತ್ತು. ಅವಳ ತಮ್ಮ ವ್ಯಾನಿನಿಂದ ಇಳಿದು ಓಡಿ ಬಂದಿದ್ದ. ತಮ್ಮ ಸ್ಟಿಯರಿಂಗ್ ಹಿಡಿದಾಗ ಕಾರು ಒಂದು ಸಲವೂ ಕೆಮ್ಮದೆ ಹಳದಿ ಗೆರೆ ದಾಟಿ ಹೋಯಿತು. ಹೋದ ಕೂಡಲೇ ಬೀದಿ ಎಳೆದುಬಿಟ್ಟ ರಬ್ಬರಿನಂತೆ ಒಳಸೇರಿತು. ಹಸಿರು ಗೇಟು ಕೈಯಳತೆಯಲ್ಲಿತ್ತು.

ಅವನು ಎದ್ದು ಓಡಲು ಹೊರಟ. ಅವಳು ಅವನ ಅಂಗಿ ಹಿಡಿದು ನಿಲ್ಲಿಸಿದಳು.

"ಗೆರೆ ಕೆರೆದೋರು ನೀವೇನಾ?"

ಅವನು ಹೌದೆಂದು ತಲೆಯಾಡಿಸಿದ.

"ಅಮ್ಮ ಕಾಲಧೂಳಿ ಬೆರೆಸಿದ್ದು ಆ ಮೊದಲ ಕಾರಿನೋನದ್ದು ಮಾತ್ರ. ಬರೀ ನಿಲ್ಸಿದೋರನ್ನ, ಕಾರು ತೆಗೆದ ಮೇಲೆ ಅದು ಬಿಟ್ಟುಬಿಡತ್ತೆ. ಕೆರೆದೋರು ಇಲ್ಲೀವರೆಗೆ ಯಾರೂ ಇರಲಿಲ್ಲ." ಮೊದಲ ಸಲ ಅವಳ ದನಿ ನಡುಗಿತು. "ನಮ್ಮಮ್ಮ ಕೆಟ್ಟೋಳಲ್ಲ ಸಾರ್. ಅವಳಿಗೆ ಬಾಗಿಲು ಮುಟ್ಟಬೇಕಿತ್ತು, ಅಷ್ಟೇ. ಆ ಪುಡಿ... ಯಾರ ಮೈ ಸೇರ್ತು?"

ಅವನಿಗೆ ಗುಬ್ಬಿಯ ಫ್ರಾಕಿನ ಹಳದಿ ಗುರುತು ನೆನಪಾಯಿತು. ಬಿಡಿಸಿಕೊಂಡು ಓಡಿದ. ಗೇಟು ಕೈಗೆ ಸಿಕ್ಕಿತು. ತಣ್ಣಗಿನ, ತುಕ್ಕು ಹಿಡಿದ ಗೇಟು. ಮೆಟ್ಟಿಲು ಕಾಲಿಗೆ ಸಿಕ್ಕಿತು. ಒಂದು, ಎರಡು, ಮೂರು. ಬಾಗಿಲಿನ ಚೌಕಟ್ಟನ್ನು ಎರಡೂ ಕೈಯಿಂದ ತಬ್ಬಿಕೊಂಡ. ಮನೆ. ಮೇಣದ ವಾಸನೆ. ಒದ್ದೆ ಬಟ್ಟೆಯ ವಾಸನೆ. ಹೆಂಡತಿ ಓಡಿ ಬಂದು ಅವನ ಎದೆಗೆ ಗುದ್ದಿದಳು, ಆಮೇಲೆ ಅಲ್ಲೇ ಮುಖ ಒತ್ತಿದಳು. ಅವಳು ಕೈಗೆ ಸಿಕ್ಕಳು. ಬಿಸಿಯಾದ, ನಡುಗುವ ಮೈ.

"ಚೆನ್ನಾಗಿದಾಳೆ," ಅಂದಳು. "ನಿಮ್ಮನ್ನೇ ಕೇಳ್ತಿದಾಳೆ."

ಗುಬ್ಬಿ ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ತುಟಿಗೆ ಬಣ್ಣ ಬಂದಿತ್ತು. ಅವನನ್ನು ಕಂಡದ್ದೇ ಮುಖ ಅರಳಿತು. "ಅಪ್ಪಾ!" ಮಂಚದಿಂದ ಧೊಪ್ಪನೆ ಇಳಿದಳು. ಅವನು ಬಾಗಿಲಲ್ಲೇ ಮಂಡಿಯೂರಿ ಎರಡೂ ಕೈ ಚಾಚಿದ. ಚಿಕ್ಕ ಕೋಣೆ ಅದು. ಮಂಚದಿಂದ ಬಾಗಿಲಿಗೆ ಮಗುವಿನ ಕಾಲಿಗೂ ಬರೀ ಒಂದು ನೆಗೆತ.

ಅವಳು ಕೈ ಅಗಲಿಸಿ ಓಡಿ ಬಂದಳು.

ಓಡಿದಳು. ಅವಳ ಬರಿಗಾಲು ನೆಲಕ್ಕೆ ಪಟಪಟ ಬಡಿಯುತ್ತಿತ್ತು. ಹಣೆಯ ಕೂದಲು ಹಾರುತ್ತಿತ್ತು. ಮೇಣದಬತ್ತಿಯ ಬೆಳಕಿನಲ್ಲಿ ಅವಳ ಹಲ್ಲಿಲ್ಲದ ನಗು, ಚಾಚಿದ ಪುಟ್ಟ ಬೆರಳುಗಳು, ಎಲ್ಲವೂ ಅವನಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಅವನು ಇನ್ನೂ ಮುಂದಕ್ಕೆ ಬಾಗಿದ. ಭುಜ ಕಿತ್ತು ಬರುವಷ್ಟು ಕೈ ಚಾಚಿದ. ಪಟಪಟ ಸದ್ದು ನಿಲ್ಲಲಿಲ್ಲ. ಹಿಂದೆ ನಿಂತ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು.

ಗುಬ್ಬಿಯ ನಗು ಮೆಲ್ಲಗೆ ಅಳುವಿಗೆ ತಿರುಗಿತು.

"ಅಪ್ಪಾ," ಅವಳು ಏದುಸಿರು ಬಿಡುತ್ತಾ ಕೂಗಿದಳು, "ಹಿಂದೆ ಹಿಂದೆ ಹೋಗ್ಬೇಡ."

ಅವನು ಕದಲಿರಲಿಲ್ಲ.